ಮಣಿಯುವುದೂ ಸೋಲುವುದೂ: ತೈ ಚಿ ಅಭ್ಯಾಸದ ವಿಷಯವಾಗಿ

ಚೀನಾ ದೇಶದ ತೈ ಚಿ ಎಂಬ ಅಂಗಸಾಧನೆಯು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರ ಮನೆಯಂಗಳವನ್ನು ಹೊಕ್ಕಿರುವುದು ನಮಗೆ ತಿಳಿದುಬಂದಿದೆ. ಕೆಲವರು ಮೊಬೈಲಿನ ಪರದೆಯನ್ನು ನೋಡಿ ಕಲಿತಿರುವರು. ಕೆಲವರು ಪರದೇಶಗಳಲ್ಲಿದ್ದಾಗ ಅಲ್ಲಿಯ ಉದ್ಯಾನಗಳಲ್ಲಿ ಕಲಿತು ಬಂದಿರುವರು. ನಾವೂ ಕೆಲವು ವರ್ಷಗಳಿಂದ ಪ್ರಾತಃಕಾಲದಲ್ಲಿ ಇದನ್ನು ಅಭ್ಯಾಸಮಾಡುತ್ತಿರುವೆವೆಂಬ ಸಂಗತಿಯು ಹೇಗೋ ಹರಡಿರುವ ಕಾರಣ, ಇವರು ನಮ್ಮನ್ನು ಕಾಣಬಂದಾಗ ಸಾಮಾನ್ಯವಾಗಿ ಒಂದೇ ಪ್ರಶ್ನೆಯನ್ನು ಕೇಳುವರು: “ಇಪ್ಪತ್ತನಾಲ್ಕು ವರಸೆಗಳೂ ಬಂದವು, ಟೀಚರಮ್ಮಾ. ಇನ್ನು ಮುಂದೆ ಯಾವುದನ್ನು ಕಲಿಯೋಣ?” ಮುಂದಕ್ಕೆ ಹೋಗಬೇಡಿರಿ, ಹಿಂದಕ್ಕೆ ಬನ್ನಿರಿ ಎಂಬುದೇ ನಮ್ಮ ಉತ್ತರ. ಈ ಉತ್ತರವು ಕೆಲವರಿಗೆ ರುಚಿಸಿದಂತೆ ಕಾಣಲಿಲ್ಲವಾದ್ದರಿಂದ, ಅದರ ಕಾರಣಗಳನ್ನು ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆಂದು ತೋರಿತು. ಮಗಳನ್ನು ನಮ್ಮಲ್ಲಿಗೆ ಕಳುಹಿಸಿರುವ ತಾಯಿತಂದೆಗಳಿಗೂ ಇದರಲ್ಲಿ ಹೇಳತಕ್ಕ ಮಾತು ಒಂದಿದೆ.

ಈ ವಿದ್ಯೆಯ ಹುಟ್ಟಿನ ವಿಷಯವಾಗಿ ಒಂದು ಕಥೆಯುಂಟು. ವೂತಾಂಗ್ ಪರ್ವತದಲ್ಲಿ ವಾಸವಾಗಿದ್ದ ಚಾಂಗ್ ಸಾನ್‌ಫೆಂಗ್ ಎಂಬ ಸಾಧುವು ಹಾವೂ ಕೊಕ್ಕರೆಯೂ ಕಾದಾಡುವುದನ್ನು ನೋಡಿ ಇದನ್ನು ಕಲ್ಪಿಸಿದನಂತೆ. ಕೇಳಲು ಇಂಪಾದ ಕಥೆ. ಆದರೆ ೧೯೩೦ರ ಸುಮಾರಿಗೆ ತಾಂಗ್ ಹಾವ್ ಎಂಬ ಪಂಡಿತನು ಹೆನಾನ್ ಪ್ರಾಂತದ ವೆನ್ ಜಿಲ್ಲೆಯಲ್ಲಿರುವ ಚೆನ್ ಮನೆತನದ ಗ್ರಾಮಕ್ಕೆ ತಾನೇ ಹೋಗಿ ವಿಚಾರಿಸಿ, ೧೭ನೆಯ ಶತಮಾನದಲ್ಲಿ ಆ ಗ್ರಾಮದಲ್ಲಿದ್ದ ಚೆನ್ ವಾಂಗ್‌ತಿಂಗ್ ಎಂಬ ಯೋಧನೇ ಇದರ ಮೂಲಪುರುಷನೆಂದು ನಿರ್ಣಯಿಸಿದನು. ಬಹುಕಾಲ ಆ ಒಂದು ಮನೆತನದೊಳಗೇ ಉಳಿದಿದ್ದ ವಿದ್ಯೆಯನ್ನು ಯಾಂಗ್ ಲೂಚಾನ್ (೧೭೯೯–೧೮೭೨) ಎಂಬ ಹೊರಗಿನವನು ಅಲ್ಲಿ ಚೆನ್ ಚಾಂಗ್‌ಶಿಂಗ್ ಎಂಬ ಗುರುವಿನಿಂದ ಕಲಿತು ಬೀಜಿಂಗ್ ನಗರಕ್ಕೆ ತಂದನು. ಅವನ ಮೊಮ್ಮಗನಾದ ಯಾಂಗ್ ಚೆಂಗ್‌ಫೂ (೧೮೮೩–೧೯೩೬) ಅದನ್ನು ಈಗ ನಾವು ಕಾಣುವ ನಿಧಾನವೂ ವಿಶಾಲವೂ ಆದ ರೂಪಕ್ಕೆ ತಂದನು. ನಮ್ಮ ಹುಡುಗಿಯರು ಕಲಿತಿರುವ ೨೪ ವರಸೆಗಳಾದರೋ ತೀರ ಈಚಿನವು. ಚೀನಾದ ಸರಕಾರಿ ಕ್ರೀಡಾ ಆಯೋಗವು ೧೯೫೬ರಲ್ಲಿ ಯಾಂಗ್ ಪದ್ಧತಿಯಿಂದ ಆಯ್ದು, ಸಾಮಾನ್ಯ ಜನರು ಐದಾರು ನಿಮಿಷಗಳಲ್ಲಿ ಮುಗಿಸಬಹುದಾದಂತೆ ಜೋಡಿಸಿದವು. ೨೦೨೦ರಲ್ಲಿ ಯುನೆಸ್ಕೋ ಸಂಸ್ಥೆಯು ತೈ ಚಿಯನ್ನು ಮನುಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು.

ಈ ಚರಿತ್ರೆಯಿಂದ ಒಂದು ಸಂಗತಿಯನ್ನು ಮರೆಯದೆ ಹಿಡಿದುಕೊಳ್ಳಬೇಕು. ಇದು ಮೊದಲು ಕಾಳಗದ ವಿದ್ಯೆಯಾಗಿತ್ತು. ಕಾಡುಕುದುರೆಯ ಕೇಸರವನ್ನು ಸೀಳುವುದು, ಬಿಳಿಯ ಕೊಕ್ಕರೆಯು ರೆಕ್ಕೆ ಬಿಚ್ಚುವುದು, ಮೋಡದ ಕೈಗಳು ಎಂಬಂತಹ ಹೆಸರುಗಳನ್ನು ಕೇಳಿ ಇದನ್ನು ಒಂದು ವಿಧವಾದ ನೃತ್ಯವೆಂದು ಭಾವಿಸುವವರುಂಟು. ಆದರೆ ಪ್ರತಿಯೊಂದು ವರಸೆಯ ಹಿಂದೆಯೂ ಎದುರಾಳಿಯೊಬ್ಬನು ನಿಂತಿರುವನು. ಅವನು ತಳ್ಳಿದಾಗ ನಿಂತ ನೆಲವನ್ನು ಕಳೆದುಕೊಳ್ಳದೆ ಇರುವುದು ಹೇಗೆ ಎಂಬ ಚಿಂತೆಯಿಂದಲೇ ಇದರ ನಿಯಮಗಳು ಹುಟ್ಟಿದವು.

ಯಾಂಗ್ ಚೆಂಗ್‌ಫೂ ಬಾಯಿಮಾತಿನಲ್ಲಿ ಹೇಳಿದ ಹತ್ತು ಮುಖ್ಯ ನಿಯಮಗಳನ್ನು ಅವನ ಶಿಷ್ಯನಾದ ಚೆನ್ ವೈಮಿಂಗ್ ಎಂಬವನು ಬರೆದುಕೊಂಡು ೧೯೨೫ರಲ್ಲಿ ಅಚ್ಚು ಹಾಕಿಸಿದನು. ಇಷ್ಟು ವರಸೆಗಳು ಬರಲೇಬೇಕೆಂದು ಅವುಗಳಲ್ಲಿ ಒಂದಾದರೂ ಹೇಳುವುದಿಲ್ಲ. ನೆತ್ತಿ ಹೇಗಿರಬೇಕು, ಎದೆಯೂ ಬೆನ್ನೂ ಹೇಗಿರಬೇಕು, ಸೊಂಟವು ಹೇಗೆ ಸಡಿಲವಾಗಬೇಕು, ಭಾರವು ಯಾವ ಕಾಲಿನ ಮೇಲಿದೆಯೆಂದು ಹೇಗೆ ತಿಳಿಯಬೇಕು, ಹೆಗಲೂ ಮೊಣಕೈಯೂ ಹೇಗೆ ಇಳಿದಿರಬೇಕು, ಬಲಕ್ಕೆ ಬದಲು ಮನಸ್ಸನ್ನು ಹೇಗೆ ಉಪಯೋಗಿಸಬೇಕು, ಮೇಲುಮೈಯೂ ಕೆಳಮೈಯೂ ಒಂದಾಗಿ ಚಲಿಸುವುದು, ಒಳಗೂ ಹೊರಗೂ ಹೊಂದಿರುವುದು, ಎಲ್ಲಿಯೂ ತುಂಡಾಗದೆ ನಡೆಯುವುದು, ಚಲನೆಯಲ್ಲಿಯೇ ಶಾಂತಿಯನ್ನು ಹುಡುಕುವುದು: ಇವೇ ಆ ಹತ್ತು. ಇಪ್ಪತ್ತನಾಲ್ಕನ್ನೂ ಕಲಿತು ಈ ಹತ್ತರಲ್ಲಿ ಒಂದನ್ನೂ ಮೈಗೂಡಿಸಿಕೊಳ್ಳದವಳು, ಮಗ್ಗಿಯನ್ನು ಕಂಠಪಾಠಮಾಡಿ ಅಂಗಡಿಯಲ್ಲಿ ಚಿಲ್ಲರೆ ಎಣಿಸಲಾರದ ಮಗುವಿನಂತೆಯೇ ಸರಿ.

ಹತ್ತನ್ನೂ ಇಲ್ಲಿ ವಿವರಿಸುವ ಉದ್ದೇಶ ನಮಗಿಲ್ಲ. ನಿತ್ಯಾಭ್ಯಾಸದಲ್ಲಿ ನಮಗೆ ಹೆಚ್ಚಾಗಿ ಪ್ರಯೋಜನಕ್ಕೆ ಬಂದ ಎರಡು ಮೂರನ್ನು ಮಾತ್ರ ಹೇಳುವೆವು.

ಮೊದಲನೆಯದು ಸಡಿಲಿಕೆ. ಚೀನೀಯರು ಇದಕ್ಕೆ ಸುಂಗ್ ಎನ್ನುವರು. ಅವರ ಹಳೆಯ ಲಿಪಿಯಲ್ಲಿ ಈ ಶಬ್ದವನ್ನು ಬರೆಯುವಾಗ ಅಕ್ಷರದ ಮೇಲ್ಭಾಗದಲ್ಲಿ ಕೂದಲನ್ನು ಸೂಚಿಸುವ ಗುರುತಿರುತ್ತದೆ. ಜಡೆ ಹಾಕಿಕೊಳ್ಳುವ ನಮ್ಮ ಹುಡುಗಿಯರಿಗೆ ಇದಕ್ಕಿಂತ ಉತ್ತಮವಾದ ವಿವರಣೆ ಬೇಕಾಗಿಲ್ಲ. ಬಿಗಿದ ಜಡೆಯನ್ನು ಬಿಚ್ಚಿದರೆ ಕೂದಲು ಹಗುರವಾಗಿ ಇಳಿಯುವುದು. ಆದರೆ ಬುಡದಿಂದ ಕಿತ್ತು ಬೀಳುವುದಿಲ್ಲವಷ್ಟೆ. ಸಡಿಲಿಕೆಯೆಂದರೆ ಜೋತುಬೀಳುವುದೆಂದು ತಿಳಿದು ಬಟ್ಟೆಯ ಗೊಂಬೆಯಂತೆ ಕೈಯಾಡಿಸುವವರನ್ನು ನಾವು ಬಹಳ ಮಂದಿಯನ್ನು ಕಂಡಿರುವೆವು. ನೆತ್ತಿಯು ಮೇಲಿನಿಂದ ನೂಲು ಹಿಡಿದು ತೂಗಬಿಟ್ಟಂತೆ ನೆಟ್ಟಗಿದ್ದು, ಅದರ ಕೆಳಗೆ ಉಳಿದುದೆಲ್ಲ ತನ್ನ ತನ್ನ ಭಾರದಿಂದ ಇಳಿದಿರಬೇಕು. ಇದನ್ನು ಪರೀಕ್ಷಿಸಲು ಉದ್ಯಾನಕ್ಕೆ ಹೋಗಬೇಕಾಗಿಲ್ಲ. ಕರಿಹಲಗೆಯ ಮೇಲೆ ಬರೆಯುತ್ತಿರುವ ಉಪಾಧ್ಯಾಯಿನಿಯ ಹಿಂದೆ ನಿಂತು ನೋಡಿದರೆ ಸಾಕು. ಐದು ನಿಮಿಷದೊಳಗೆ ಆಕೆಯ ಹೆಗಲು ಕಿವಿಯ ಹತ್ತಿರಕ್ಕೆ ಏರಿರುತ್ತದೆ. ಸಾಯಂಕಾಲ ಕತ್ತುನೋವೆಂದು ಹೇಳುವುದೂ ಆಕೆಯೇ. ಮೊಣಕೈಯನ್ನು ಭಾರಬಿಟ್ಟು, ಸೊಂಟದಿಂದ ತಿರುಗಿ ಬರೆದರೆ ಅಕ್ಷರಗಳೂ ದುಂಡಾಗುವವು. ರೊಟ್ಟಿ ತಟ್ಟುವವಳಿಗೂ ಕಸ ಗುಡಿಸುವವಳಿಗೂ ಗಣಕಯಂತ್ರದ ಮುಂದೆ ದಿನವಿಡೀ ಕುಳಿತಿರುವವಳಿಗೂ ಇದೇ ಮಾತು.

ಎರಡನೆಯದು ಬರಿದು ತುಂಬಿದ್ದು ಎಂಬುದರ ವಿವೇಚನೆ. ಭಾರವನ್ನು ಹೊತ್ತ ಕಾಲು ತುಂಬಿದ್ದು. ಹೊರದ ಕಾಲು ಬರಿದು. ನಾವು ಸಾಮಾನ್ಯವಾಗಿ ನಡೆಯುವಾಗ ಹೇಗೆ ನಡೆಯುತ್ತೇವೆಂಬುದನ್ನು ಸ್ವಲ್ಪ ಗಮನಿಸಿರಿ. ಮುಂದಿನ ಕಾಲು ನೆಲವನ್ನು ಮುಟ್ಟುವ ಮೊದಲೇ ಮೈಯ ಭಾರವು ಮುಂದಕ್ಕೆ ಬಿದ್ದಿರುತ್ತದೆ. ಅಂದರೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ನಾವು ಬೀಳುತ್ತಾ, ಬೀಳುವಷ್ಟರಲ್ಲಿ ಕಾಲು ಕೊಟ್ಟು ತಡೆಯುತ್ತಾ ಹೋಗುತ್ತೇವೆ. ಹರೆಯದಲ್ಲಿ ಇದರಿಂದ ತೊಂದರೆಯಿಲ್ಲ. ಎಪ್ಪತ್ತು ವರ್ಷದ ತಾಯಿಯು ಒದ್ದೆಯಾದ ಬಚ್ಚಲುಮನೆಯಲ್ಲಿ ಹೀಗೆ ಹೆಜ್ಜೆಯಿಟ್ಟರೆ, ತಡೆಯಬೇಕಾದ ಕಾಲು ಜಾರುವುದು. ತೈ ಚಿಯ ನಡಿಗೆಯು ಇದಕ್ಕೆ ವಿರುದ್ಧವಾದುದು. ಹಿಂದಿನ ಕಾಲಿನ ಮೇಲೆ ಪೂರ್ಣವಾಗಿ ನಿಂತಿರುವಾಗಲೇ ಬರಿದಾದ ಮುಂದಿನ ಪಾದವನ್ನು ಹಿಮ್ಮಡಿಯಿಂದ ನೆಲಕ್ಕೆ ತಾಕಿಸಬೇಕು. ಬೇಕೆಂದರೆ ಅದನ್ನು ಆ ಕ್ಷಣವೇ ಹಿಂದಕ್ಕೆ ತೆಗೆದುಕೊಳ್ಳಲು ಬರಬೇಕು. ನೆಲವು ಭದ್ರವೆಂದು ತಿಳಿದ ಮೇಲೆ ನೀರನ್ನು ಒಂದು ಕೊಡದಿಂದ ಇನ್ನೊಂದಕ್ಕೆ ಬಗ್ಗಿಸುವಂತೆ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಆ ಕಾಲಿಗೆ ಸಾಗಿಸಬೇಕು. ಬರೆಯಲು ಎರಡು ಸಾಲು. ಅಭ್ಯಾಸಕ್ಕೆ ಎರಡು ವರ್ಷ. ಆದರೆ ನಮ್ಮ ಅಭಿಪ್ರಾಯದಲ್ಲಿ ತೈ ಚಿಯ ದೇಹಲಾಭದಲ್ಲಿ ಹೆಚ್ಚಿನ ಪಾಲು ಈ ಎರಡು ಸಾಲುಗಳಲ್ಲಿಯೇ ಅಡಗಿದೆ.

ಇದು ಬರಿಯ ನಂಬಿಕೆಯ ಮಾತಲ್ಲ. ಅಮೆರಿಕದ ಒರೆಗನ್ ಸಂಸ್ಥಾನದಲ್ಲಿ ಎಪ್ಪತ್ತು ವರ್ಷಕ್ಕೆ ಮೇಲ್ಪಟ್ಟ, ಬೀಳುವ ಅಪಾಯವುಳ್ಳ ೬೭೦ ಮಂದಿಯನ್ನು ಮೂರು ಗುಂಪುಮಾಡಿ, ೨೪ ವಾರಗಳ ಕಾಲ ವಾರಕ್ಕೆ ಎರಡು ಸಾರಿ ಬೇರೆ ಬೇರೆ ವ್ಯಾಯಾಮಗಳನ್ನು ಮಾಡಿಸಿ ನೋಡಿದರು. ಅದರ ಫಲವು ೨೦೧೮ರಲ್ಲಿ ಪ್ರಕಟವಾಯಿತು. ಕೇವಲ ಮೈ ನೀಡುವ ವ್ಯಾಯಾಮ ಮಾಡಿದವರಿಗಿಂತ ತೈ ಚಿ ಮಾಡಿದವರಲ್ಲಿ ಬೀಳುವಿಕೆಯು ನೂರಕ್ಕೆ ೫೮ರಷ್ಟು ಕಡಮೆಯಾಗಿತ್ತು. ಹಲವು ಬಗೆಯ ವ್ಯಾಯಾಮಗಳನ್ನು ಕೂಡಿಸಿ ಮಾಡಿದವರಲ್ಲಿ ೪೦ರಷ್ಟು. ಇದಕ್ಕೆ ಮುಂಚೆ ೨೦೧೨ರಲ್ಲಿ ಪಾರ್ಕಿನ್‌ಸನ್ ಎಂಬ ನಡುಕದ ರೋಗವುಳ್ಳ ೧೯೫ ಮಂದಿಯಲ್ಲಿ ನಡೆಸಿದ ಪರೀಕ್ಷೆಯಲ್ಲಿಯೂ ಮೈಯ ಸಮತೋಲವು ಉತ್ತಮಗೊಂಡದ್ದು ಕಂಡುಬಂದಿತು. ನಮ್ಮ ವಾದಕ್ಕೆ ಬೇಕಾದ ಅಂಶವೇನೆಂದರೆ, ೨೦೧೮ರ ಆ ಪರೀಕ್ಷೆಯಲ್ಲಿ ವೃದ್ಧರಿಗೆ ಕಲಿಸಿದ ವರಸೆಗಳ ಸಂಖ್ಯೆ ಇಪ್ಪತ್ತನಾಲ್ಕಲ್ಲ, ನೂರೆಂಟಲ್ಲ, ಎಂಟೇ ಎಂಟು. ಆ ಎಂಟರಲ್ಲಿ ಭಾರವನ್ನು ಸಾಗಿಸುವುದನ್ನೂ ಮೈಯನ್ನು ಓಲಾಡಿಸಿ ಮತ್ತೆ ಸ್ಥಿರಗೊಳಿಸುವುದನ್ನೂ ಕಲಿಸಿದರು.

ಹಾಗೆಂದು ಇದನ್ನು ಸರ್ವರೋಗನಿವಾರಕವೆಂದು ಮಾರುವವರ ಮಾತಿಗೆ ಕಿವಿಗೊಡಬೇಡಿರಿ. ಮಧುಮೇಹಕ್ಕೆ ಗುಳಿಗೆಯನ್ನು ಬಿಟ್ಟು ಮೋಡದ ಕೈಗಳನ್ನು ಆಡಿಸುವುದು ಅವಿವೇಕ. ವೈದ್ಯರ ಔಷಧವು ವೈದ್ಯರದೇ.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುವೆವು. ತೈ ಚಿಯಲ್ಲಿ ಇಬ್ಬರು ಎದುರುಬದುರಾಗಿ ನಿಂತು, ಮುಂಗೈಗೆ ಮುಂಗೈ ತಾಕಿಸಿ, ಒಬ್ಬರನ್ನೊಬ್ಬರು ಮೆಲ್ಲನೆ ತಳ್ಳುವ ಒಂದು ಸಾಧನೆಯುಂಟು. ಇದನ್ನು ತುಯ್ ಶೌ, ಅಂದರೆ ಕೈ ತಳ್ಳುವುದು ಎನ್ನುವರು. ಒಂಟಿಯಾಗಿ ಮಾಡುವ ವರಸೆಗಳಲ್ಲಿ ನಿಯಮಗಳು ಮೈಗೆ ಹತ್ತಿವೆಯೋ ಇಲ್ಲವೋ ಎಂಬುದಕ್ಕೆ ಇದೇ ಪರೀಕ್ಷೆ. ಇದರಲ್ಲಿ ಮೊದಲು ಕಲಿಯತಕ್ಕದ್ದು ತಳ್ಳುವುದನ್ನಲ್ಲ, ಕೇಳುವುದನ್ನು, ಕಿವಿಯಿಂದಲ್ಲ, ಚರ್ಮದಿಂದ. ಎದುರಿನವಳ ಬಲವು ಎಲ್ಲಿಂದ ಹೊರಟಿತು, ಯಾವ ಕಡೆಗೆ ಬರುತ್ತಿದೆ, ಎಲ್ಲಿ ತೀರಿಹೋಗುವುದು ಎಂಬುದನ್ನು ಆ ಸ್ಪರ್ಶದಿಂದಲೇ ತಿಳಿದುಕೊಳ್ಳಬೇಕು. ಯಾಂಗ್ ಲೂಚಾನನ ಅಂಗೈಯಲ್ಲಿ ಕುಳಿತ ಗುಬ್ಬಿಯು ಹಾರಲಾರದೆ ಹೋಯಿತೆಂಬ ಐತಿಹ್ಯವನ್ನು ಶಿಷ್ಯಪರಂಪರೆಯಲ್ಲಿ ಹೇಳುವುದುಂಟು. ಹಕ್ಕಿಯು ಹಾರಬೇಕಾದರೆ ಕಾಲಿನಿಂದ ಒತ್ತಿ ನೆಗೆಯಬೇಕಷ್ಟೆ. ಅದು ಒತ್ತಿದಾಗಲೆಲ್ಲ ಅವನ ಅಂಗೈಯು ಅಷ್ಟೇ ಇಳಿಯುತ್ತಿದ್ದುದರಿಂದ ಅದಕ್ಕೆ ಆಧಾರವೇ ಸಿಕ್ಕಲಿಲ್ಲವಂತೆ. ನಡೆದದ್ದೋ ಇಲ್ಲವೋ, ಪಾಠವನ್ನು ಚೆನ್ನಾಗಿ ಹಿಡಿದ ಕಥೆ.

ಈ ಸಾಧನೆಯಲ್ಲಿ ಹಳಬರು ನಾಲ್ಕು ದೋಷಗಳನ್ನು ಹೆಸರಿಸಿರುವರು. ಬಂದ ಬಲಕ್ಕೆ ಟಗರಿನಂತೆ ತಲೆಗೊಡುವುದು ಒಂದು. ಒತ್ತಿದೊಡನೆ ಚಪ್ಪಟೆಯಾಗಿ ಕುಸಿಯುವುದು ಇನ್ನೊಂದು. ಮುಟ್ಟಿದ ಕೈಯನ್ನೇ ಬಿಟ್ಟು ಓಡಿಹೋಗುವುದು ಮೂರನೆಯದು. ಹಠದಿಂದ ಮರಗಟ್ಟಿ ತಡೆಯುವುದು ನಾಲ್ಕನೆಯದು. ಕುಸಿಯುವುದೂ ಎದುರು ತಳ್ಳುವಷ್ಟೇ ದೊಡ್ಡ ದೋಷವೆಂದು ಎಣಿಸಿರುವುದನ್ನು ನಮ್ಮ ಓದುಗರು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ಹೆಣ್ಣುಮಕ್ಕಳ ಶಾಲೆಯನ್ನು ನಡೆಸುವವರಾದ ನಮಗೆ ಇದು ಸಣ್ಣ ಮಾತಾಗಿ ಕಾಣುವುದಿಲ್ಲ. “ಸ್ವಲ್ಪ ತಗ್ಗಿ ನಡೆ, ಹೊಂದಿಕೊಂಡು ಹೋಗು” ಎಂಬ ಬುದ್ಧಿವಾದವು ನಮ್ಮ ಹುಡುಗಿಯರ ಕಿವಿಗೆ ಬೀಳುವಷ್ಟು ಬೇರೆ ಯಾವ ಮಾತೂ ಬೀಳುವುದಿಲ್ಲ. ತಾಯಿಯೂ ಅಜ್ಜಿಯೂ ಪ್ರೀತಿಯಿಂದಲೇ ಹೇಳುವರೆಂಬುದನ್ನು ನಾವು ಬಲ್ಲೆವು. ತೈ ಚಿಯ ಮೃದುತ್ವವನ್ನು ಹೊಗಳುವವರಲ್ಲಿ ಕೆಲವರು ಈ ಬುದ್ಧಿವಾದಕ್ಕೆ ಅದನ್ನು ಬೆಂಬಲವಾಗಿ ತರುತ್ತಿರುವುದನ್ನೂ ಕೇಳಿರುವೆವು: ನೀರು ನೋಡಿ, ಬಿದಿರು ನೋಡಿ, ಬಗ್ಗಿದ್ದರಿಂದಲೇ ಉಳಿಯಿತು ಎನ್ನುವರು. ಇದು ಅರ್ಧ ಸತ್ಯ. ಅರ್ಧ ಸತ್ಯವನ್ನು ಹುಡುಗಿಯರಿಗೆ ಕಲಿಸುವುದು ನಮಗೆ ಒಪ್ಪಿಗೆಯಲ್ಲ. ತೈ ಚಿಯಲ್ಲಿ ಮಣಿಯುವವಳು ಏನು ಮಾಡುವಳೆಂಬುದನ್ನು ನೋಡಿರಿ. ಎದುರಿನವಳು ಬಲ ಹೆಗಲನ್ನು ತಳ್ಳಿದಾಗ ಆಕೆಯ ಬಲ ಹೆಗಲು ಹಿಂದಕ್ಕೆ ಹೋಗುವುದು. ಅದೇ ತಿರುಗುವಿಕೆಯಿಂದ ಎಡಗೈಯು ತಾನಾಗಿ ಮುಂದಕ್ಕೆ ಬರುವುದು. ನಡುವಿನ ಅಚ್ಚು ಸ್ಥಳ ಬಿಟ್ಟು ಕದಲುವುದಿಲ್ಲ. ಪಾದವು ತಾನಿದ್ದಲ್ಲಿಯೇ ಇರುವುದು. ಬಂದ ಬಲವು ಪಕ್ಕದಿಂದ ಹಾದುಹೋಗಿ, ತಳ್ಳಿದವಳೇ ಮುಂದಕ್ಕೆ ಮುಗ್ಗರಿಸುವಳು. ಇದಕ್ಕೂ, ಹೇಳಿದ್ದಕ್ಕೆಲ್ಲ ತಲೆಯಾಡಿಸಿ ತನ್ನ ಓದನ್ನೂ ಉದ್ಯೋಗವನ್ನೂ ಒಂದೊಂದಾಗಿ ಬಿಟ್ಟುಕೊಡುತ್ತಾ ಬರುವ ಹುಡುಗಿಯ ನಡತೆಗೂ ಯಾವ ಸಂಬಂಧವಿದೆ? ಎರಡನೆಯದಕ್ಕೆ ಹಳಬರು ಇಟ್ಟ ಹೆಸರು ಕುಸಿಯುವುದು ಎಂದೇ.

ಇದರ ಬದಲಾಗಿ, ಪ್ರತಿಯೊಂದು ಮಾತಿಗೂ ತಲೆಗೊಟ್ಟು ನಿಲ್ಲಬೇಕೆಂದು ನಾವು ಹೇಳುವುದಾಗಲಿ, ಮನಸ್ಸಿಗೆ ಬಾರದವರ ಸಂಪರ್ಕವನ್ನೇ ಕತ್ತರಿಸಿ ಹೋಗಬೇಕೆಂದು ಹೇಳುವುದಾಗಲಿ ಇಲ್ಲ. ಅತ್ತೆಯ ಮಾತನ್ನೋ ಮೇಲಧಿಕಾರಿಯ ಮಾತನ್ನೋ ಪೂರ್ತಿಯಾಗಿ ಕೇಳಿ, ಅದರ ಬಲವು ಎಲ್ಲಿಂದ ಬಂದಿತೆಂದು ತಿಳಿದು, ಕೊಡಬಹುದಾದುದನ್ನು ಕೊಟ್ಟು, ನಡುವಿನ ಅಚ್ಚನ್ನು ಮಾತ್ರ ಬಿಡದೆ ಉತ್ತರ ಹೇಳುವ ಹೆಂಗಸರನ್ನು ನಾವು ಕಂಡಿರುವೆವು. ಅವರಲ್ಲಿ ಅನೇಕರಿಗೆ ತೈ ಚಿಯ ಹೆಸರೂ ತಿಳಿಯದು. ಆದರೆ ಹೋಲಿಕೆಗೂ ಒಂದು ಮೇರೆಯುಂಟು. ಕೈಯೆತ್ತುವ ಮನೆಯಲ್ಲಿ ಸಿಕ್ಕಿಕೊಂಡ ಹೆಣ್ಣುಮಗಳಿಗೆ ಬಲವನ್ನು ಕೇಳುತ್ತಾ ನಿಲ್ಲು ಎಂದು ಉಪದೇಶಿಸುವುದು ಕ್ರೌರ್ಯ. ಕೈ ತಳ್ಳುವ ಸಾಧನೆಯು ಒಪ್ಪಿ ಬಂದ ಇಬ್ಬರ ನಡುವಿನದು. ಆ ಮನೆಯಿಂದ ಮಗಳನ್ನು ಕರೆದುತರುವುದು ತಾಯಿತಂದೆಗಳ ಕರ್ತವ್ಯ. ಪೊಲೀಸರಿಗೆ ತಿಳಿಸುವುದೂ ಅದರಲ್ಲಿ ಸೇರಿದೆ.

ಚೆಂಗ್ ಮಾನ್‌ಚಿಂಗ್ (೧೯೦೨–೧೯೭೫) ಎಂಬ ಗುರುವು ಯಾಂಗ್ ಚೆಂಗ್‌ಫೂವಿನ ಶಿಷ್ಯನಾಗಿದ್ದು, ೧೯೬೦ರ ದಶಕದಲ್ಲಿ ನ್ಯೂಯಾರ್ಕ್ ನಗರಕ್ಕೆ ಹೋಗಿ ಅನೇಕರಿಗೆ ಕಲಿಸಿದನು. ದೀರ್ಘವಾದ ಯಾಂಗ್ ಕ್ರಮವನ್ನು ೩೭ ವರಸೆಗಳಿಗೆ ಇಳಿಸಿದವನೂ ಅವನೇ. ಕಲಿಯುವ ಕಾಲದಲ್ಲಿ ಸೋಲಲು ಅಂಜಬಾರದೆಂಬುದು ಅವನ ಬೋಧನೆ. ತಳ್ಳಿದಾಗ ಮೈ ಬಿಗಿದು ಹೇಗಾದರೂ ನಿಲ್ಲುವವಳು ಆ ದಿನ ಗೆಲ್ಲುವಳು. ಆದರೆ ತನ್ನ ಮೈಯಲ್ಲಿ ಎಲ್ಲಿ ಬಿಗಿಯಿದೆಯೆಂಬುದನ್ನು ಎಂದಿಗೂ ಅರಿಯಳು. ಬಿಗಿಯದೆ ನಾಲ್ಕು ಸಾರಿ ಹೆಜ್ಜೆ ತಪ್ಪಿದವಳಿಗೆ ಐದನೆಯ ಸಾರಿ ಸೊಂಟವು ತಾನಾಗಿಯೇ ತಿರುಗುವುದು. ತರಗತಿಯಲ್ಲಿ ತಪ್ಪು ಉತ್ತರಕ್ಕೆ ಹೆದರಿ ಬಾಯಿ ತೆರೆಯದೆ ಕುಳಿತ ಜಾಣ ಹುಡುಗಿಯರನ್ನು ವರ್ಷವರ್ಷವೂ ನೋಡುವ ನಮಗೆ ಈ ಬೋಧನೆಯು ಬಹಳ ಹಿಡಿಸಿತು. ನೂರಕ್ಕೆ ತೊಂಬತ್ತೈದು ಬಂದರೆ ಉಳಿದ ಐದು ಎಲ್ಲಿ ಹೋಯಿತೆಂದು ಕೇಳುವ ತಂದೆಯವರು ಸಹ ಒಂದು ತಿಂಗಳು ಕೈ ತಳ್ಳುವ ಸಾಧನೆಯನ್ನು ಮಾಡಿದರೆ ಒಳ್ಳೆಯದೆಂದು ನಮಗೆ ಆಗಾಗ ತೋರುವುದುಂಟು!

ಈ ವಿದ್ಯೆಯು ಗಂಡಸರ ಕೈಯಲ್ಲಿಯೇ ಬೆಳೆದುದೆಂದು ಯಾರೂ ಹಿಂಜರಿಯಬೇಕಾಗಿಲ್ಲ. ವೂ ಪದ್ಧತಿಯ ಗುರುವಾದ ವೂ ಚಿಯೆನ್‌ಚ್ವಾನ್ (೧೮೭೦–೧೯೪೨) ೧೯೩೫ರಲ್ಲಿ ಶಾಂಘಾಯಿಯಲ್ಲಿ ಒಂದು ಸಂಘವನ್ನು ಸ್ಥಾಪಿಸಿದನು. ಅವನ ಮಗಳಾದ ವೂ ಯಿಂಗ್‌ಹ್ವಾ ಎಂಬಾಕೆಯು ವೈದ್ಯನಾಗಿದ್ದ ತನ್ನ ಗಂಡ ಮಾ ಯುಯೆಲಿಯಾಂಗನೊಡನೆ ವೃದ್ಧಾಪ್ಯದವರೆಗೂ ಅಲ್ಲಿ ಕಲಿಸುತ್ತಿದ್ದಳು. ಸುನ್ ಪದ್ಧತಿಯನ್ನು ಏರ್ಪಡಿಸಿದ ಸುನ್ ಲೂತಾಂಗನ (೧೮೬೦–೧೯೩೩) ವಿದ್ಯೆಯು ಮುಂದಿನವರಿಗೆ ದೊರೆತದ್ದೂ ಬಹುಮಟ್ಟಿಗೆ ಅವನ ಮಗಳಾದ ಸುನ್ ಚಿಯೆನ್‌ಯುನ್ ಎಂಬಾಕೆಯಿಂದಲೇ. ಆಕೆ ಬೀಜಿಂಗಿನಲ್ಲಿ ಕಲಿಸುತ್ತಿದ್ದು ೨೦೦೩ರಲ್ಲಿ ತೀರಿಕೊಂಡಳು.

ಮನೆಯಲ್ಲಿ ಅಭ್ಯಾಸಮಾಡುವವರಿಗೆ ನಮ್ಮ ಸಲಹೆಯು ಬಹಳ ಸರಳವಾದುದು. ಒಂದು ತಿಂಗಳು ವರಸೆಗಳ ಸಾಲನ್ನು ಬದಿಗಿಡಿರಿ. ಪ್ರತಿದಿನ ಹತ್ತು ನಿಮಿಷ ಬರಿದು ತುಂಬಿದ್ದರ ನಡಿಗೆಯನ್ನೇ ಮಾಡಿರಿ. ಮನೆಯ ನಡುಕೋಣೆಯಷ್ಟು ಜಾಗ ಸಾಕು. ಎರಡನೆಯ ತಿಂಗಳು ಮೋಡದ ಕೈಗಳೊಂದನ್ನೇ ಸೇರಿಸಿರಿ. ಕೈಗಳು ತಾವಾಗಿ ಆಡದೆ ಸೊಂಟವು ತಿರುಗಿದಷ್ಟೇ ತಿರುಗುತ್ತಿವೆಯೋ ಎಂದು ನೋಡಿಕೊಳ್ಳಿರಿ. ಮೊಣಕಾಲಿನ ವಿಷಯದಲ್ಲಿ ಮಾತ್ರ ಬಹಳ ಎಚ್ಚರಿಕೆ ಬೇಕು. ಚಿತ್ರಗಳಲ್ಲಿ ಕಾಣುವಂತೆ ತಗ್ಗಿ ನಿಲ್ಲಬೇಕೆಂಬ ಆಸೆಯಿಂದ ಮೊಣಕಾಲನ್ನು ಕಾಲ್ಬೆರಳಿಗಿಂತ ಮುಂದಕ್ಕೆ ತಂದು, ಅಥವಾ ಒಳಕ್ಕೆ ವಾಲಿಸಿ ತಿರುಗಿಸಿ, ನೋವು ತಂದುಕೊಂಡವರು ಹಲವರು. ಮೊಣಕಾಲು ಪಾದದ ಬೆರಳುಗಳು ನೋಡುವ ದಿಕ್ಕನ್ನೇ ನೋಡಬೇಕು. ನೋವು ತೋರಿದರೆ ಎತ್ತರವಾಗಿ ನಿಲ್ಲಬೇಕು. ವಯಸ್ಸಾದ ತಾಯಿತಂದೆಗಳು ಗೋಡೆಯನ್ನೋ ಭಾರವಾದ ಮೇಜನ್ನೋ ಒಂದು ಕೈಯಳತೆಯಲ್ಲಿ ಇಟ್ಟುಕೊಂಡು ಮಾಡಬೇಕು, ನೆಲವು ಒದ್ದೆಯಾಗಿರಕೂಡದು. ಕೈ ತಳ್ಳುವುದಕ್ಕೆ ಜೊತೆಯಿಲ್ಲವೆನ್ನುವವರು ಅಕ್ಕತಂಗಿಯರೊಡನೆ ಮಾಡಬಹುದು. ಬಾಲ್ಯದಲ್ಲಿ ತಳ್ಳಾಡಿದ ಅಭ್ಯಾಸವು ಹೇಗೂ ಇದ್ದೇ ಇರುವುದು.

ಹಳೆಯ ವಿದ್ಯಾರ್ಥಿನಿಯರ ಕೂಟಕ್ಕೆ ಬರುವವರಲ್ಲಿ ಇಷ್ಟವುಳ್ಳವರು ಆ ದಿನ ಬೆಳಿಗ್ಗೆ ಆರೂವರೆಗೆ ಆಟದ ಬಯಲಿನಲ್ಲಿ ನಮ್ಮನ್ನು ಕೂಡಿಕೊಳ್ಳಬಹುದು. ಹಿಮ್ಮಡಿ ಎತ್ತರವಿಲ್ಲದ ಪಾದರಕ್ಷೆಗಳನ್ನು ಹಾಕಿಕೊಂಡು ಬನ್ನಿರಿ. ಸೀರೆಯನ್ನು ಉಟ್ಟುಕೊಂಡೂ ಮಾಡಬಹುದು, ನಾವು ಹಾಗೆಯೇ ಮಾಡುತ್ತೇವೆ.